ಲಕ್ಷ್ಮಕ್ಕನ ತಾಯತ

ಲಕ್ಷ್ಮಕ್ಕ ಬಸುರಿಯರ ಮುಖ ನೋಡಿ ಮಾತಾಡಿದ್ದನ್ನು ನಾನು ಕಾಣೆ. ಮಾತೆಲ್ಲ ಹೊಟ್ಟೆಯ ಜೊತೆಗೇ. ಚಿಂತಾಮಣಿಯ ನರ್ಸಿಂಗ್ ಹೋಮೊಂದರಲ್ಲಿ ಆಯಾ ಆಗಿದ್ದವರು, ಆಮೇಲೆ, ಮುಂದೆ ಮಗುವಿನ ಕಾಯಿಲೆಗೆ ಮದ್ದಾದೀತೆಂದು ಹೊಕ್ಕುಳಬಳ್ಳಿಯ ರಕ್ತ ಕಾಪಿಡುವ ದೂರದ ಊರಿನ ಕಂಪನಿಗೆ ಏಜೆಂಟರಾದರು. ಕೈವಾರದಿಂದ ಶಿಡ್ಲಘಟ್ಟದವರೆಗೆ ಯಾವ ಮನೆಯ ಸೊಸೆಗೆ ತಿಂಗಳು ನಿಂತಿದೆ ಎಂಬುದು ಅತ್ತೆಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ನನ್ನ ಗಂಡ ಅವರಿಗೆ ‘ಹೊಟ್ಟೆ ಇನ್‌ಸ್ಪೆಕ್ಟರ್’ ಎಂದೇ ಹೆಸರಿಟ್ಟಿದ್ದರು.

ನಾನು ಬಸುರಿಯಾದಾಗ ಶಿಡ್ಲಘಟ್ಟದ ನಮ್ಮ ಮನೆಗೂ ಬಂದರು. ಕಂಪನಿಯ ಬಣ್ಣದ ಪುಸ್ತಿಕೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಕೊರಳ ದಾರ ಎಳೆದು, ಸವೆದ ಬೆಳ್ಳಿಯ ತಾಯತವೊಂದನ್ನು ತೋರಿಸಿದರು. ಮಗುವಿನ ಹೊಕ್ಕುಳಬಳ್ಳಿ ಒಣಗಿ ಉದುರಿದ ಮೇಲೆ ಅದರ ಚೂರನ್ನು ತಾಯತದಲ್ಲಿ ಹಾಕಿ ಉಡಿದಾರಕ್ಕೆ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಇದು ಅವರ ಮಗಳದು. ಆ ಮಗು ಎರಡು ತಿಂಗಳಿಗೇ ತೀರಿಹೋಗಿತ್ತು.

“ಅವ್ರು ಮಾಡೋದೂ ಇದೇ ಕಣಮ್ಮ, ಅವ್ರದು ದೊಡ್ಡ ತಾಯತ. ಐಸ್‌ಗಿಂತ ತಣ್ಣಗಿರೋ ಡಬ್ಬದಲ್ಲಿ ಮಲಗಿಸ್ತಾರೆ. ರಕ್ತದಲ್ಲಿರೋ ಜೀವಕಣ ಸಾಯಲ್ಲ ತಾಯಿ, ನಿದ್ದೆ ಮಾಡ್ತಿರ್ತಾವೆ” ಎಂದರು. ಆಮೇಲೆ ದನಿ ತಗ್ಗಿಸಿ, “ನಮ್ಮ ಪಾಪೂದೂ ಇಟ್ಕೊಳ್ರಪ್ಪ ಅಂತ ಆಫೀಸರ್‌ನ ಕೇಳ್ದೆ. ಒಣಗೋಗಿರೋದು ಆಗಲ್ಲ ಅಂತ ನಕ್ಬಿಟ್ಟ.”

ನನಗೂ ನಗು ಬರಬೇಕಿತ್ತು. ಆದರೆ ಅವರ ಕೈ ನನ್ನ ಹೊಟ್ಟೆಯ ಮೇಲಿತ್ತು. ಅಷ್ಟು ಹೊತ್ತೂ ಒದೆಯುತ್ತಿದ್ದ ಮಗು ಒಳಗೆ ಸುಮ್ಮನಾಗಿತ್ತು. ಹೆದರಿ ಹೂಂ ಅಂದುಬಿಟ್ಟೆ.

ಹೆರಿಗೆಯ ದಿನ, ರಕ್ತದ ಚೀಲವಿದ್ದ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲಕ್ಷ್ಮಕ್ಕ ನನ್ನ ವಾರ್ಡಿನ ಮೂಲೆಯಲ್ಲಿ ಕೂತಿದ್ದರು. ಕೊರಿಯರಿನವನು ಇನ್ನೂ ಬಂದಿರಲಿಲ್ಲ. ತೊಟ್ಟಿಲಲ್ಲಿದ್ದ ನನ್ನ ಮಗನತ್ತ ಅವರು ತಿರುಗಿಯೂ ನೋಡಲಿಲ್ಲ. ಪೆಟ್ಟಿಗೆಯ ಮುಚ್ಚಳ ಅರೆ ತೆರೆದಿತ್ತು, ಅವರ ಒಂದು ಕೈ ಕೊರಳಲ್ಲಿತ್ತು. ಆಮೇಲೆ ಮುಚ್ಚಳ ಹಾಕಿ, ಮೆಲ್ಲಗೆ ತಟ್ಟುತ್ತ, “ಜೊತೇಲಿ ತಮ್ಮ ಇದಾನೆ ಕಣೇ, ಹೆದರ್ಕೋಬೇಡ” ಎಂದರು. ಮಂಪರಿನಲ್ಲಿ ಏನೋ ಕೇಳಿಸಿರಬೇಕು ಎಂದುಕೊಂಡು ಮಗ್ಗುಲಾದೆ.

ಎರಡು ವರ್ಷಕ್ಕೆ ಲಕ್ಷ್ಮಕ್ಕ ಹೋಗಿಬಿಟ್ಟರು. ಶವಕ್ಕೆ ನೀರು ಹಾಕಿದ ಹೆಂಗಸರು ತಾಯತ ಬಿಚ್ಚಿ ನೋಡಿದರಂತೆ. ಒಳಗೆ ಏನೂ ಇರಲಿಲ್ಲ. ಕೇಳಿದಾಗ, ಹೆರಿಗೆಯ ದಿನ ಅರೆ ತೆರೆದಿದ್ದ ಆ ಪೆಟ್ಟಿಗೆ ನೆನಪಾಯಿತು.

ನನ್ನ ಮಗನಿಗೆ ಮೂರು ತುಂಬಿದ ಬೇಸಿಗೆ. ನಮಗೆ ಇರುವ ಮಗು ಅವನೊಬ್ಬನೇ. ಮಧ್ಯಾಹ್ನದ ಸೆಕೆಗೆ ನಾವೆಲ್ಲ ಬೆವರುತ್ತಿದ್ದರೆ, ಅವನು ಕಂಬಳಿ ಎಳೆದು ತಂದು ತನ್ನ ಹಾಸಿಗೆಯ ಖಾಲಿ ಮಗ್ಗುಲಿಗೆ ಹೊದಿಸುತ್ತಿದ್ದ. ಯಾಕೋ ಎಂದೆ.

“ಅಕ್ಕಂಗೆ ಚಳಿ ಅಂತೆ ಅಮ್ಮ.”

ಒಳಗೆ ಹೋಗಿ ಇನ್ನೊಂದು ಕಂಬಳಿ ತಂದೆ.