ಬೆನ್ನು ಕೊಡುವ ಮುನ್ನ

ಈಚೆಗೆ ಬನಹಟ್ಟಿಯಲ್ಲಿ ಯಾರ ಮೊಬೈಲಿಗೆ ಕಿವಿಗೊಟ್ಟರೂ ಎಲುಬು ಲಟಕ್ಕೆನ್ನುವ ಸದ್ದು. ಮಗ್ಗದ ಸದ್ದಿನಲ್ಲೇ ಬೆಳೆದ ನಮ್ಮೂರಿನ ಕಿವಿಗಳಿಗೆ ಇದರಲ್ಲೇನು ಹೊಸ ಇಂಪೋ ತಿಳಿಯದು. ವಿಡಿಯೋದಲ್ಲಿ ಒಬ್ಬರು ಮಲಗಿರುತ್ತಾರೆ, ಇನ್ನೊಬ್ಬರು ಅವರ ಕುತ್ತಿಗೆ ತಿರುವುತ್ತಾರೆ, ಮಲಗಿದವರು ಎದ್ದು ನಗುತ್ತಾರೆ. ಏಳದೇ ಹೋದವರ ವಿಡಿಯೋವನ್ನು ಯಾರಾದರೂ ಹಾಕುತ್ತಾರೆಯೇ ಎಂಬುದು ನನ್ನ ಅನುಮಾನ. ಅನುಮಾನವೇ ನನ್ನ ಸ್ಥಾಯೀಭಾವ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ, ಉತ್ತರಪತ್ರಿಕೆಗಳಲ್ಲಿ ನಕಲು ಹುಡುಕುತ್ತ ಅದು ಮೈಗೂಡಿದೆ. ಹೀಗೆ ಎಲುಬು ತಿರುವಿ ನೋವು ತೆಗೆಯುವವರ ಕೈರೋಪ್ರಾಕ್ಟರ್ ಎಂಬ ಹೆಸರನ್ನೂ ನಾನು ಬಿಡಲಿಲ್ಲ. ಅದರಲ್ಲಿ ‘ಕೈ’ ಇದೆ, ಸರಿ. ಕೈ ಹಿಡಿಯುವವರಿಗೆ ಇರುವ ಕೈಯೇ ಕೈ ಕೊಡುವವರಿಗೂ ಇರುತ್ತದಲ್ಲವೇ?

ಇಂಥ ನನ್ನ ಸೊಂಟವೇ ಹಿಡಿದುಕೊಂಡಿತು. ಪುಸ್ತಕ ತುಂಬಿದ ಟ್ರಂಕನ್ನು ಅಟ್ಟದಿಂದ ಒಬ್ಬನೇ ಇಳಿಸಿದ್ದೆ. ಮಾತ್ರೆ, ಮುಲಾಮುಗಳ ಸೇವೆ ಮುಗಿದ ಮೇಲೆ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮುಧೋಳದ ಇಂಥ ಒಬ್ಬ ಕೈರೋಪ್ರಾಕ್ಟರ್ ಬಳಿಗೆ ಹೋದೆ. ಆತ ನನ್ನ ಹೆಸರನ್ನೂ ಕೇಳದೆ ಮಂಚದ ಮೇಲೆ ಮಲಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದ.

“ನೋವು ನಡದಾಗ ಐತ್ರಿ, ಕುತ್ತಿಗಿ ಯಾಕ ಹಿಡದ್ರಿ?” ಎಂದೆ.

“ಎಲ್ಲಾ ಒಂದಕ್ಕೊಂದು ಜೋಡಿ ಇರ್ತಾವ್ರಿ. ಒಂದ ಸಲಕ್ಕ ಆರಾಮ ಆಗ್ತೈತಿ.”

“ನೀವು ಎಲ್ಲಿ ಕಲತ್ರಿ ಇದನ್ನ?”

“ಕೈಗುಣ ನೋಡ್ರಿ ಸರ, ಕಾಗದ ಯಾಕ?”

ನಾನು ನನ್ನ ತಲೆಯನ್ನು ಅವನ ಕೈಯಿಂದ ಬಿಡಿಸಿಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನೋವಿಗಿಂತ ನನ್ನ ಜಾಣತನದ ಹೆಮ್ಮೆಯೇ ಹೆಚ್ಚಾಗಿತ್ತು.

ಎರಡನೆಯ ಕೈರೋಪ್ರಾಕ್ಟರನ್ನು ಹುಡುಕಿದವಳು ನನ್ನ ಹೆಂಡತಿ ಸುಮಂಗಲಾ. ಜಮಖಂಡಿಯಲ್ಲಿದ್ದ ಈ ಹೆಣ್ಣುಮಗಳಿಗೆ ಮೂವತ್ತೈದು ಇದ್ದೀತು. ನಾನು ಬಾಯಿ ತೆರೆಯುವ ಮೊದಲೇ ತಾನು ಎಲ್ಲಿ ಓದಿದ್ದು, ಏನು ಮಾಡಬಲ್ಲೆ, ಏನು ಮಾಡಲಾರೆ ಎಂದು ಹೇಳಿಬಿಟ್ಟರು. ಪ್ರಶ್ನೆಗಳನ್ನು ಕಟ್ಟಿಕೊಂಡು ಹೋಗಿದ್ದ ನನಗೆ ನಿರಾಸೆಯಾಯಿತು. ಇಷ್ಟೊಂದು ಪ್ರಾಮಾಣಿಕತೆಯೂ ಒಂದು ತಂತ್ರವೇ ಇರಬೇಕೆಂದುಕೊಂಡೆ. ಅಷ್ಟರಲ್ಲಿ ಪ್ರಶ್ನೆ ಕೇಳುವ ಸರದಿ ಅವರದಾಯಿತು. ಎಂದಿನಿಂದ ನೋವು, ಕಾಲಿಗೆ ಇಳಿಯುತ್ತದೆಯೇ, ಪಾದ ಜೋಮು ಹಿಡಿಯುತ್ತದೆಯೇ, ಮೂತ್ರ ಸಲೀಸಾಗಿ ಹೋಗುತ್ತದೆಯೇ.

“ಎಲ್ಲಾ ಛಲೋ ಐತ್ರಿ,” ಎಂದೆ.

ಅದು ಶುದ್ಧ ಸುಳ್ಳು. ಹಿಂದಿನ ವಾರವಷ್ಟೇ ಬೀಳಗಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಚಪ್ಪಲಿಯಲ್ಲಿ ಇಳಿದಿದ್ದೆ. ಇನ್ನೊಂದು ಬಸ್ಸಿನಲ್ಲೇ ಕಳಚಿ ಉಳಿದದ್ದು ಕಾಲಿಗೆ ತಿಳಿದೇ ಇರಲಿಲ್ಲ. ಮನೆಯಲ್ಲಿ ‘ಹರಿಯಿತು, ಎಸೆದೆ’ ಎಂದಿದ್ದೆ. ಹಿಂದಿನ ದಿನದಿಂದ ಮೂತ್ರಕ್ಕೂ ಕಷ್ಟವಾಗಿತ್ತು. ಅದನ್ನು ಹೆಂಡತಿಯ ಎದುರು, ಅಪರಿಚಿತ ಹೆಣ್ಣುಮಗಳಿಗೆ ಹೇಳುವುದೆಂದರೆ ನನ್ನಿಂದಾಗಲಿಲ್ಲ.

ಅವರು ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಎಡಪಾದದ ಬೆರಳುಗಳು ಮೇಲೇಳಲೇ ಇಲ್ಲ. ಅವರು ಸುಮಂಗಲಾಳ ಕಡೆ ತಿರುಗಿದರು: “ಅಕ್ಕಾರ, ಒಂದೈದು ಮಿನಿಟು ಹೊರಗ ಕುಂದರ್ತೀರೇನ್ರಿ?” ಬಾಗಿಲು ಮುಚ್ಚಿದ ಮೇಲೆ ನನ್ನ ಮುಖ ನೋಡದೆ, ಏನೋ ಬರೆಯುತ್ತಿದ್ದವರಂತೆ, “ಈಗ ಹೇಳ್ರಿ ಸರ,” ಎಂದರು.

ಹೇಳಿದೆ. ಗೋಡೆಯನ್ನು ನೋಡುತ್ತ, ಎಲ್ಲವನ್ನೂ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ನಾ ನಿಮ್ಮನ್ನ ಮುಟ್ಟಾಂಗಿಲ್ರಿ. ನರದ ಮ್ಯಾಲೆ ಒತ್ತಡ ಬಿದ್ದಂಗ ಕಾಣಾಕತ್ತೈತಿ. ಇವತ್ತ, ಈಗ, ಬಾಗಲಕೋಟಿಗೆ ಹೋಗ್ರಿ.” ಒಂದು ಆಸ್ಪತ್ರೆಯ ಹೆಸರು ಬರೆದು, ಅಲ್ಲಿನ ಡಾಕ್ಟರಿಗೆ ಚೀಟಿಯನ್ನೂ ಕೊಟ್ಟರು.

ಚೀಟಿ ಕೈಗೆ ಬಂದದ್ದೇ ತಡ, ನನ್ನ ಸ್ಥಾಯೀಭಾವ ಮತ್ತೆ ಜಾಗೃತವಾಯಿತು. ಈಕೆಗೆ ವಿದ್ಯೆ ಬಾರದೇ, ಅಥವಾ ಆ ಆಸ್ಪತ್ರೆಯೊಡನೆ ಒಳಒಪ್ಪಂದವೇ? ನಾಳೆ ನೋಡೋಣ ಎನ್ನುತ್ತ ಹೊರಗೆ ಬಂದು ಚೀಟಿ ತೋರಿಸಿದರೆ, ಸುಮಂಗಲಾ ಮೊಬೈಲು ಕಿವಿಗಿಟ್ಟುಕೊಂಡು ತುಸು ದೂರ ಹೋದಳು. ಮರಳಿ ಬರುವಷ್ಟರಲ್ಲಿ ಬಾಡಿಗೆ ಕಾರು ಹೇಳಿಯಾಗಿತ್ತು. “ಸುಮ್ನ ಕುಂದರ್ರಿ ಕಾರಿನ್ಯಾಗ,” ಎಂದಳು. ದಾರಿಯುದ್ದಕ್ಕೂ ನನ್ನ ಸಂಶಯಗಳನ್ನು ನಾನೇ ಕೇಳಿಸಿಕೊಂಡೆ.

ಅಂದು ಸಂಜೆಯೇ ಶಸ್ತ್ರಚಿಕಿತ್ಸೆಯಾಯಿತು. ಬೆನ್ನಿನ ಮಣಿಗಳ ನಡುವಿನ ಗಾದಿಯೊಂದು ಜಾರಿ ನರಗಳನ್ನು ಹಿಸುಕುತ್ತಿತ್ತಂತೆ. ಇನ್ನೂ ತಡಮಾಡಿದ್ದರೆ ಕಾಲು, ಮೂತ್ರ ಎರಡೂ ಕೈಮೀರುತ್ತಿದ್ದವು ಎಂದರು ಡಾಕ್ಟರು. ಮುಧೋಳದವನಿಗೆ ಹತ್ತು ಪ್ರಶ್ನೆ ಕೇಳಲು ಸಿದ್ಧನಿದ್ದ ನಾನು, ಜಮಖಂಡಿಯವರ ನಾಲ್ಕು ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ. ನಕಲು ಮಾಡಿದ ವಿದ್ಯಾರ್ಥಿ ಈ ಸಲ ನಾನೇ.

ನಾಲ್ಕು ತಿಂಗಳ ಮೇಲೆ, ಇಬ್ಬರೂ ಜಮಖಂಡಿಗೆ ಅವರನ್ನು ಕಾಣಲು ಹೋದೆವು. ಈಗ ಮುಚ್ಚಿಡುವುದೇಕೆಂದು ಹೇಳಿಬಿಟ್ಟೆ: “ಆವತ್ತ ನಿಮಗೂ ಆ ಆಸ್ಪತ್ರಿಗೂ ಏನೋ ಒಳಗಿಂದೊಳಗ ಐತಿ ಅಂತ ತಿಳಕೊಂಡಿದ್ದೆರಿ.”

“ಅದನ್ನ ಅಕ್ಕಾರು ಆವತ್ತ ಹೊರಗ ನಿಂತು ನನಗ ಫೋನ್ ಮಾಡಿ ಕೇಳಿದ್ರಲ್ರಿ,” ಎಂದರು ಅವರು.

ನಾನು ಸುಮಂಗಲಾಳ ಕಡೆ ತಿರುಗಿದೆ. “ಏನಂದ್ರು ಮತ್ತ?”

“ಬ್ಯಾರೆ ಆಸ್ಪತ್ರಿಗೆ ಬೇಕಾದ್ರ ಹೋಗ್ರಿ, ಆದ್ರ ಇವತ್ತ ಹೋಗ್ರಿ ಅಂದ್ರು,” ಎಂದಳು ಸುಮಂಗಲಾ. “ಅಷ್ಟು ಕೇಳಿದ ಮ್ಯಾಲೆ ಕಾರ್ ಹೇಳಿದೆ.”