ಅವ್ವ ಹಂಚಿಕೊಂಡ ಗುಳಿಗೆ

ತೊಂಬತ್ತರ ದಶಕದಲ್ಲಿ ಸಿಂಧನೂರಿನ ಒಂದು ಸಣ್ಣ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಪಕ್ಕದ ಅಕ್ಕಿ ಗಿರಣಿಯ ಸದ್ದು ದೂರವಾಗುತ್ತಿತ್ತು. ನಸುಗೆಂಪು ಬಯಲಿನಲ್ಲಿ ಬಿಳಿ ರಕ್ತಕಣಗಳು ನೇರಳೆ ಬಣ್ಣ ಹೊತ್ತು ಅಲ್ಲೊಂದು ಇಲ್ಲೊಂದು ನಿಂತಿರುತ್ತಿದ್ದವು. ಗಾಯವಾದಲ್ಲಿಗೆ ಓಡಿ ಹೋಗಿ ಬಾವು ಎಬ್ಬಿಸುವ ಕಾವಲುಗಾರರು ಇವರೇ. ಎಣಿಸುವುದನ್ನು ಮರೆತು ಸುಮ್ಮನೆ ನೋಡುತ್ತಾ ಕೂತುಬಿಡುತ್ತಿದ್ದೆ.

ಮಸ್ಕಿಯಲ್ಲಿದ್ದ ಅವ್ವನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಅವಳ ಬಿಳಿ ಗುಳಿಗೆಗಳನ್ನು ಒಯ್ದು ಕೊಡುತ್ತಿದ್ದೆ. ಬಸ್ಸಿನ ಕಿಟಕಿಯಲ್ಲಿ ಕಾಲುವೆಯ ನೀರೂ ಭತ್ತದ ಹಸಿರೂ ಒಂದರೊಳಗೊಂದು ಕರಗುತ್ತಿದ್ದವು. ಮಸ್ಕಿಯ ಗುಡ್ಡ ಕಾಣುವವರೆಗೆ ಎಚ್ಚರವಿದ್ದೆನೋ ನಿದ್ದೆಯಲ್ಲಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ.

ಒಮ್ಮೆ ಅವಳ ಕಾಲ್ಬೆರಳಿನ ಗಾಯ ಮಾಯಲೇ ಇಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು ಲಿಂಗಸುಗೂರಿನ ಡಾಕ್ಟರು. ಗುಳಿಗೆ ನುಂಗಿಯೂ ಯಾಕೆ ಇಳಿಯದು? ಅವ್ವನನ್ನು ಜೋರು ಮಾಡಿ ಕೇಳಿದೆ.

“ಅರ್ಧ ಮುರದು ಮಗ್ಗಲಮನಿ ಚಿಗವ್ವಗ ಕೊಡಾಕತ್ತೀನಿ,” ಎಂದಳು. “ಇದನ್ನ ಸುರು ಮಾಡಿದಾಗಿಂದ ನನ್ನ ಮೊಣಕಾಲ ಬಾವು ಇಳದೈತಿ. ಆಕಿ ಕೈಬೆರಳೂ ಬಾತಾವು, ಪಾಪ.”

“ಸಕ್ರಿ ಗುಳಿಗಿಗೂ ಬಾವಿಗೂ ಏನ್ ಸಂಬಂಧ ಬೇ?” ನಕ್ಕುಬಿಟ್ಟೆ. ಮರುಕ್ಷಣ ಸಿಟ್ಟು ನೆತ್ತಿಗೇರಿ, ಪಕ್ಕದ ಮನೆಯ ಚಿಗವ್ವನ ಬಾಗಿಲಿಗೇ ಹೋಗಿ, “ನಿನ್ನ ಸಲುವಾಗಿ ನಮ್ಮವ್ವನ ಬೆರಳು ಹೋಗ್ತೈತಿ,” ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ ಅವತ್ತಿನ ಅರ್ಧ ಗುಳಿಗೆಯನ್ನು ನನ್ನ ಕೈಗೆ ಹಾಕಿದಳು. ಆಮೇಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಇಡೀ ಗುಳಿಗೆ ನುಂಗತೊಡಗಿದ ಮೇಲೆ ಅವ್ವನ ಬೆರಳು ಉಳಿಯಿತು. ಸಂಜೆ ಕಟ್ಟೆಯ ಮೇಲೆ ಅವ್ವ ಒಬ್ಬಳೇ ಕೂರತೊಡಗಿದಳು.

ಅವಳು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಓದಿದೆ: ಆ ಗುಳಿಗೆ ಬಾವು ಎಬ್ಬಿಸುವ ಬಿಳಿ ಕಣಗಳ ರೊಚ್ಚನ್ನೂ ಕೊಂಚ ತಣಿಸಬಲ್ಲದಂತೆ. ನೇರಳೆ ಕಣಗಳು ಮತ್ತೆ ಕಣ್ಮುಂದೆ ತೇಲಿ ಬಂದವು. ಹಂಚುವುದನ್ನು ಬಿಡಿಸಿದ್ದು ಸರಿ. ಆದರೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಮಸ್ಕಿಗೆ ಹೋಗಿ, ಹಣ್ಣು ಮುದುಕಿಯಾಗಿದ್ದ ಚಿಗವ್ವನ ಮುಂದೆ ಕೂತೆ.

“ಅವ್ವ ಹೇಳಿದ್ದು ಪೂರಾ ಸುಳ್ಳಲ್ಲಂತ ಚಿಗವ್ವ. ನಿನ್ನ ಬಾವೂ ಇಳದಿತ್ತೇನು?”

ಅವಳು ಸೊಟ್ಟಗಾದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು.

“ನಂಗೇನೂ ಇಳಿಲಿಲ್ಲ ಯವ್ವಾ. ನಿಮ್ಮವ್ವ ದಿನಾ ಕರದು ಕೈಯಾಗ ಇಡ್ತಿದ್ಲು. ಬ್ಯಾಡ ಅಂದ್ರ ಕರಿಯೂದು ಬಿಟ್ಟಾಳು ಅಂತ ನುಂಗ್ತಿದ್ದೆ.”