ಹತ್ತು ಹೆಜ್ಜೆಗೂ ಯಾರೂ ಕರೆಯಲಿಲ್ಲ

ನಾನು ವಿಯೆನ್ನಾಕ್ಕೆ ಹೋದದ್ದು ಇಂಗ್ಲಿಷ್ ಬರುತ್ತದೆ ಎಂಬ ಸುಳ್ಳಿನ ಬಲದ ಮೇಲೆ. ತಿಕೋಟಾದ ನನ್ನ ಸೋದರಮಾವ ಒಣದ್ರಾಕ್ಷಿ ವ್ಯಾಪಾರಿ. ಅಲ್ಲಿನ ಆಹಾರ ಮೇಳಕ್ಕೆ ಮಾದರಿ ಡಬ್ಬಿ ಹೊತ್ತು ಹೊರಟಾಗ ಮಾತಾಡಲಿಕ್ಕೆ ಒಬ್ಬ ಬೇಕೆಂದ, ನಾನು ಕೈ ಎತ್ತಿದೆ. ಮೂರು ದಿನ ಮೇಳದಲ್ಲಿ ನಾನು ಆಡಿದ್ದು ‘ಟೇಸ್ಟ್ ಇಟ್, ವೆರಿ ಸ್ವೀಟ್’ ಅಷ್ಟೇ. ಮಿಕ್ಕಿದ್ದನ್ನು ದ್ರಾಕ್ಷಿಯೇ ಮಾತಾಡಿತು.

ಆದರೆ ನನಗೆ ನನ್ನದೇ ಆದ ಒಂದು ಕೆಲಸವಿತ್ತು. ಮಾವನ ಅಪ್ಪ, ಅಂದರೆ ನನ್ನ ಅಜ್ಜ, ಬಬಲೇಶ್ವರದಲ್ಲಿ ಟೇಲರ್. ಎಡಚ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಗಳೆಲ್ಲ ಬಲಗೈಯವರಿಗೆಂದೇ ಹುಟ್ಟಿದಂಥವು. ಅವನ್ನು ಎಡಗೈಯಲ್ಲಿ ಹಿಡಿದರೆ ಅಲಗು ಕತ್ತರಿಸಬೇಕಾದ ಗೆರೆಯನ್ನೇ ಮುಚ್ಚುತ್ತದೆ, ಹೆಬ್ಬೆರಳು ಸುಲಿಯುತ್ತದೆ. ಅಜ್ಜ ಜೀವನವಿಡೀ ಹಾಗೆಯೇ ಕತ್ತರಿಸಿದ್ದ. ಯಾರಲ್ಲೂ ಏನನ್ನೂ ಕೇಳದವನು, ನಾನು ಹೊರಟ ದಿನ ಮಾತ್ರ ಹೆಬ್ಬೆರಳು ತೋರಿಸಿ ಕೇಳಿದ್ದ: “ಆ ಕಡೆ ಎಡಗೈ ಕತ್ರಿ ಸಿಗತಾವಂತ. ಕಂಡ್ರ ತಾರಲೇ ತಮ್ಮಾ. ಕಾಣಲಿಲ್ಲಂದ್ರ ಇರಲಿ.”

ಶನಿವಾರ ಮಧ್ಯಾಹ್ನ ಮೇಳ ಮುಗಿಯಿತು. ಭಾನುವಾರ ಬೆಳಿಗ್ಗೆ ವಿಮಾನ. ಮಾವ, ನಾನು ಊರಿನ ಹಳೆಯ ದೊಡ್ಡ ಪೇಟೆಗೆ ಹೋದೆವು. ಕೆರ್ಂಟ್ನರ್ ಸ್ಟ್ರಾಸೆ ಎಂದು ಅದರ ಹೆಸರು. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಹೇಳಿದರೆ ಸರಿಯಾಗಿ ಬರುತ್ತದೆ ಎಂಬುದು ಮಾವನ ಸಂಶೋಧನೆ. ಬೀದಿಯ ಒಂದು ತುದಿಗೆ ಸಂಗೀತ ನಾಟಕದ ಭವನ, ಇನ್ನೊಂದು ತುದಿಗೆ ಎತ್ತರದ ಗೋಪುರದ ಚರ್ಚು, ನಡುವೆ ಆಟೋ ಇಲ್ಲ, ದನ ಇಲ್ಲ, ಹಾರ್ನ್ ಇಲ್ಲ. ಇಷ್ಟು ಸ್ವಚ್ಛವಾದ ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಲಿಕ್ಕೆ ನನಗೆ ಸಂಕೋಚ. ಒಂದು ಕಡೆ ಬಾಗಿಲು ತಾನೇ ತೆರೆದುಕೊಂಡಾಗ ಯಾರೋ ತೆರೆದರೆಂದು ಥ್ಯಾಂಕ್ಯೂ ಹೇಳಿದೆ. ಗಾಜಿನೊಳಗಿನ ಗೊಂಬೆಗೆ ವಿಳಾಸವನ್ನೂ ಕೇಳುತ್ತಿದ್ದೆ, ಮಾವ ತಡೆದ.

ಕೊನೆಗೆ ಚಾಕು ಕತ್ತರಿಗಳ ಒಂದು ಹಳೆಯ ಅಂಗಡಿ ಸಿಕ್ಕಿತು. ಬೆಳ್ಳಿ ಕೂದಲಿನ ಅಜ್ಜಿಯೊಬ್ಬಳಿದ್ದಳು. ನಾನು ಎಡಗೈ ಎತ್ತಿ ಗಾಳಿ ಕತ್ತರಿಸಿದೆ. ಆಕೆ ಒಳಗಿಂದ ಒಂದು ಭಾರದ ಕತ್ತರಿ ತಂದಳು. ಟೇಲರ್‌ಗಳದೇ, ಎಡಗೈಯದೇ. ಇಂಥದ್ದು ಇದೊಂದೇ ಉಳಿದಿದೆ ಎಂದಳು.

ಬೆಲೆ ಕೇಳಿ ನನ್ನೊಳಗೆ, ಚೌಕಾಸಿಯಿಲ್ಲದೆ ಏನೂ ಮಾರದ ನಮ್ಮ ಜೋರಾಪುರ ಪೇಟೆ ಎಚ್ಚರವಾಯಿತು. ಅರ್ಧಕ್ಕೆ ಕೇಳಿದೆ. ಆಕೆ ನಕ್ಕು ಚೀಟಿಯ ಮೇಲಿನ ಬೆಲೆ ತೋರಿಸಿದಳು.

ಮಾವ ಪಕ್ಕದಿಂದ ಪಿಸುಗುಟ್ಟಿದ: “ಬ್ಯಾರೆ ಅಂಗಡ್ಯಾಗ ಕಡಿಮಿ ಅದ ಅನ್ನು. ಅಂದು ಹೊರಗ ನಡಿ. ಹೊಳ್ಳಿ ನೋಡಬ್ಯಾಡ. ಹತ್ತ ಹೆಜ್ಜ್ಯಾಗ ಕರೀತಾರ.”

ಬೇರೆ ಅಂಗಡಿಯಲ್ಲಿ ಕಡಿಮೆ ಇದೆ ಎಂದೆ. ಆಕೆಗೆ ನಿಜವಾಗಿಯೂ ಸಂತೋಷವಾಯಿತು. ಯಾವ ಅಂಗಡಿ, ಅಲ್ಲಿಗೆ ದಾರಿ ಗೊತ್ತೇ ಎಂದು ವಿಚಾರಿಸಿ, ತನಗೆ ತಿಳಿದ ಇನ್ನೊಂದು ಅಂಗಡಿಯ ವಿಳಾಸವನ್ನೂ ಚೆಂದದ ಅಕ್ಷರದಲ್ಲಿ ಬರೆದುಕೊಟ್ಟಳು. ಇಂಥ ಪೆಟ್ಟನ್ನು ನಮ್ಮ ಪೇಟೆಯಲ್ಲಿ ಯಾವ ವ್ಯಾಪಾರಿಯೂ ಕೊಟ್ಟಿಲ್ಲ.

ಹೊರಬಿದ್ದೆವು. ಐದು ಹೆಜ್ಜೆ. ಹತ್ತು.

“ಕರದ್ರೇನಲೇ?”

“ಇಲ್ಲ ಮಾಮಾ.”

“ವಯಸ್ಸಾದಾಕಿ, ಎದ್ದು ಬರಾಕ ಹೊತ್ತ ಹಿಡೀತದ. ಸಾವಕಾಶ ನಡಿ.”

ಇಬ್ಬರೂ ಮದುವೆಯ ಮೆರವಣಿಗೆಗಿಂತ ನಿಧಾನ ನಡೆದೆವು. ಕತ್ತು ತಿರುಗಿಸುವಂತಿಲ್ಲ. ಹಿಂದಿನವರೆಲ್ಲ ನಮ್ಮನ್ನು ಸುತ್ತು ಹಾಕಿ ದಾಟಿದರು. ನೂರು ಹೆಜ್ಜೆಯಾದ ಮೇಲೆ ಹಿಂದಿನಿಂದ ಕೂಗು ಬಂತು: “ಹಲೋ, ಸರ್!”

“ಬಂದ್ಲು ನೋಡು,” ಎಂದು ಮಾವ ಮೀಸೆಯ ಮೇಲೆ ಕೈ ಆಡಿಸಿದ.

ನಾನು ಬೇಡವೆನ್ನುವವನ ಮುಖ ಮಾಡಿಕೊಂಡು ತಿರುಗಿದೆ. ಬಿಳಿಯ ಕೃತಕ ಕೂದಲು, ರಾಜರ ಕಾಲದ ಕೋಟು ತೊಟ್ಟವನೊಬ್ಬ ಸಂಗೀತ ಕಛೇರಿಯ ಟಿಕೆಟ್ ಮಾರುತ್ತ ನಿಂತಿದ್ದ. ಅಷ್ಟರಲ್ಲಿ ಚರ್ಚಿನ ಗಂಟೆ ಮೊಳಗತೊಡಗಿತು. ಆರು. ಬೀದಿಯುದ್ದಕ್ಕೂ ಅಂಗಡಿಯವರು ಬಾಗಿಲೆಳೆಯತೊಡಗಿದರು.

“ನಾಳೆ ಎಷ್ಟಕ್ಕ ತಗೀತಾರ?” ಎಂದು ನನ್ನಿಂದ ಟಿಕೆಟಿನವನನ್ನು ಕೇಳಿಸಿದ ಮಾವ. ಭಾನುವಾರ ತೆರೆಯುವುದೇ ಇಲ್ಲ ಎಂದ ಆತ.

ಅಜ್ಜನ ಹೆಬ್ಬೆರಳು ಕಣ್ಣ ಮುಂದೆ ಬಂತು. ‘ಕಾಣಲಿಲ್ಲ ಅಜ್ಜಾ’ ಎಂದರೆ ಅವನು ‘ಇರಲಿ’ ಎಂದುಬಿಡುತ್ತಾನೆ. ಆ ‘ಇರಲಿ’ ನನಗೆ ಬೇಡವಾಗಿತ್ತು. ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದೆ. ಆ ಬೀದಿಗೆ ಅಂಥ ಓಟ ಹೊಸದಿರಬೇಕು, ಒಂದು ನಾಯಿ ಬೊಗಳುವುದನ್ನೂ ಮರೆತು ನೋಡಿತು.

ಬಾಗಿಲಿಗೆ ಬೀಗ. ಒಳಗೆ ಅಜ್ಜಿ ದೀಪ ಆರಿಸುತ್ತಿದ್ದಳು. ನಾನು ಗಾಜಿಗೆ ಮುಖ ಒತ್ತಿದೆ. ಮೂಗು ಚಪಾತಿಯಾಯಿತು. ಆಕೆ ಬಾಗಿಲು ತುಸುವೇ ತೆರೆದು, ಆ ಅಂಗಡಿ ಸಿಗಲಿಲ್ಲವೇ ಎಂದು ಕಳವಳದಿಂದ ಕೇಳಿದಳು.

ಸುಳ್ಳು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿ ಉಳಿದಿರಲಿಲ್ಲ. “ನೋ ಅದರ್ ಶಾಪ್. ಗ್ರ್ಯಾಂಡ್‌ಫಾದರ್. ಟೇಲರ್. ಲೆಫ್ಟ್,” ಎಂದು ಹೆಬ್ಬೆರಳು ತೋರಿಸಿ, ಅದು ಸುಲಿಯುವುದನ್ನು ಅಭಿನಯಿಸಿದೆ. ಆಕೆ ನನ್ನ ಬೆರಳನ್ನೂ ಕೈಯಲ್ಲಿದ್ದ ಚಪ್ಪಲಿಯನ್ನೂ ನೋಡಿ, ಆರಿಸಿದ ದೀಪ ಮತ್ತೆ ಹಚ್ಚಿದಳು. ಬೆಲೆಯಲ್ಲಿ ಒಂದು ಪೈಸೆ ಬಿಡಲಿಲ್ಲ. ಏದುಸಿರು ಬಿಡುತ್ತ ಬಂದ ಮಾವ, ಬಾಯಿ ಬಿಡದೆ ಪೂರ್ತಿ ದುಡ್ಡು ಕೊಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬಬಲೇಶ್ವರದಲ್ಲಿ ಅಜ್ಜ ಕತ್ತರಿಯನ್ನು ಎಡಗೈಗೆ ತೊಡಿಸಿಕೊಂಡು ಹಳೆಯ ಪೇಪರಿಗೆ ಇಟ್ಟ. ಪೇಪರ್ ತುಂಡಾಗಲಿಲ್ಲ, ಅಲಗುಗಳ ನಡುವೆ ಮಡಚಿಕೊಂಡಿತು. ಇಷ್ಟು ವರ್ಷ ತಿರುವುಮುರುವು ಒತ್ತಿ ಒತ್ತಿ ಅವನ ಕೈ ನೆಟ್ಟಗಿನ ಕತ್ತರಿಯನ್ನೇ ಒಲ್ಲೆ ಎಂದಿತು.

“ಕೆಟ್ಟದ್ದ ಕೊಟ್ಲೇನ ಅಜ್ಜಾ?”

“ಕತ್ರಿ ನೆಟ್ಟಗ ಅದ. ಕೈಗೆ ಹಳೇ ಚಾಳಿ. ಸುಮ್ನ ಕೂಡಲೇ, ಮಾತಾಡಬ್ಯಾಡ.”

ಮತ್ತೊಂದು ಹಾಳೆ ತೆಗೆದುಕೊಂಡ. ಅದೂ ಕೆಟ್ಟಿತು. ಮೂರನೆಯದು ಅರ್ಧದವರೆಗೆ ಗೆರೆ ಹಿಡಿದು ಹೋಯಿತು. ಆಗ ಕುಪ್ಪಸದ ಬಟ್ಟೆ ಹಿಡಿದು ಒಬ್ಬಾಕೆ ಬಾಗಿಲಿಗೆ ಬಂದಳು. ಅಜ್ಜ ತಲೆ ಎತ್ತದೆ ಹೇಳಿದ:

“ನಾಳೆ ಬಾರವ್ವಾ. ಇವತ್ತ ಇನ್ನಾ ಕಲ್ಯಾಕತ್ತೇನಿ.”